ಅವನಿಗೆ ಜಾಸ್ತಿ ಆಗಿರಲಿಲ್ಲ, ಕಮ್ಮಿ ಆಗಿತ್ತು

ನಮ್ಮ ಕೊಡಗಿನ ಮದುವೆಯಲ್ಲಿ ಗಂಡಸೊಬ್ಬ ತೂರಾಡಿದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಕುರ್ಚಿ ಎಳೆದು ಕೂರಿಸುತ್ತಾರೆ, ಇಲ್ಲವೇ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ ಬಾಗಿಲು ಹಾಕಿ ಬರುತ್ತಾರೆ. ಮಳೆಗಾಲದಲ್ಲಿ ತೋಟದಿಂದ ಬಂದವನ ಕಾಲುಚೀಲದಲ್ಲಿ ರಕ್ತ ಕಂಡರೂ ಹಾಗೆಯೇ. ಜಿಗಣೆ ಅಂತ ಸುಮ್ಮನಾಗುತ್ತಾರೆ. ಇದರಲ್ಲಿ ಯಾರ ತಪ್ಪೂ ಇಲ್ಲ. ನೂರಕ್ಕೆ ತೊಂಬತ್ತೊಂಬತ್ತು ಸಲ ಅದು ಪೆಗ್ಗೇ, ಜಿಗಣೆಯೇ. ಉಳಿದ ಆ ಒಂದು ಸಲದ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಅನ್ನಿಸುತ್ತಿತ್ತು. ನನ್ನ ಹತ್ತಿರದ ಗೆಳೆಯನಿಗೆ ಶುಗರ್ ಇದೆ. ಮೊದಲು ಮಾತ್ರೆ, ಈಗ ಕೆಲವು ವರ್ಷಗಳಿಂದ ಎರಡು ಹೊತ್ತು ಇನ್ಸುಲಿನ್. "ಬರಿ, ಆದರೆ ಹೆಸರು ಹಾಕಬೇಡ" ಅಂದಿದ್ದಾನೆ. ಅವನು ಕೊಡವ, ನಾವು ಅರೆಭಾಷೆಯ ಗೌಡರು. ಹೈಸ್ಕೂಲಿನಲ್ಲಿ ಕನ್ನಡದಲ್ಲಿ ಶುರುವಾದ ಬೈಗುಳ ಇವತ್ತಿಗೂ ಕನ್ನಡದಲ್ಲೇ ನಡೆಯುತ್ತಿದೆ. ಇಷ್ಟು ಪರಿಚಯ ಸಾಕು.

ಇಷ್ಟು ವರ್ಷ ಅವನ ಜೊತೆ ಓಡಾಡಿ ನನಗೆ ಅನ್ನಿಸಿರುವುದು ಇದು: ಈ ಕಾಯಿಲೆ ನಮ್ಮ ಊರಿನ ದಿನನಿತ್ಯದ ಸಂಗತಿಗಳ ಹಿಂದೆ ಬಹಳ ಚೆನ್ನಾಗಿ ಅಡಗಿಕೊಳ್ಳುತ್ತದೆ. ಕುಡಿತದ ಹಿಂದೆ, ಜಿಗಣೆಯ ಹಿಂದೆ, ಮಳೆಯ ಹಿಂದೆ, ಸಿಟ್ಟಿನ ಹಿಂದೆ. ಗೆಳೆಯ ಅನ್ನಿಸಿಕೊಂಡವನಿಗೆ ಇರುವ ಕೆಲಸ ಪಥ್ಯ ಹೇಳುವುದಲ್ಲ. ಪಥ್ಯ ಹೇಳುವವರಿಗೇನೂ ಬರಗಾಲವಿಲ್ಲ.

ತಟ್ಟೆಗೆ ಕಾವಲು

2023ರಲ್ಲಿ ಬಂದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ. ಅಂದರೆ ಪ್ರತಿ ಮನೆಯಲ್ಲೂ, ಇಲ್ಲವೇ ಪಕ್ಕದ ಮನೆಯಲ್ಲಾದರೂ ಒಬ್ಬರಿದ್ದಾರೆ. ಹಾಗಾಗಿ ಪ್ರತಿಯೊಬ್ಬರೂ ಪಂಡಿತರೇ. ಊಟದ ಸಾಲಿನಲ್ಲಿ ನಿಂತರೆ ಮೂರು ಜನರಿಗೆ ಕೇಳುವ ಹಾಗೆ "ನಿಮಗೆ ಶುಗರ್ ಅಲ್ವಾ?" ಅನ್ನುತ್ತಾರೆ. ಪ್ರೀತಿಯಿಂದಲೇ ಅನ್ನುತ್ತಾರೆ, ಅದೇ ಕಷ್ಟ. ಮಜಾ ಏನೆಂದರೆ ಕಾವಲು ಕಾಯುವುದೆಲ್ಲ ತಪ್ಪು ಬಾಗಿಲಲ್ಲಿ. "ಪಂದಿ ಕರಿ ಬೇಡ, ಕೊಬ್ಬು ಜಾಸ್ತಿ" ಅಂತ ಸೌಟು ಹಿಂದಕ್ಕೆ ತೆಗೆಯುವ ಅತ್ತೆಯೇ, ಪಾಪ ಹಸಿದಿರಬೇಕು ಅಂತ ಇನ್ನೆರಡು ಕಡಂಬುಟ್ಟು ಹಾಕುತ್ತಾರೆ. ಊಟವಾದ ಮೇಲೆ ಸಕ್ಕರೆ ಏರಿಸುವುದು ಹಂದಿ ಮಾಂಸಕ್ಕಿಂತ ಆ ಅಕ್ಕಿಯ ಉಂಡೆಯೇ. ನೂಪುಟ್ಟು, ಪಾಪುಟ್ಟು, ಅಕ್ಕಿ ಒಟ್ಟಿ, ನಮ್ಮ ಊಟವೆಲ್ಲ ಸುತ್ತಿ ಬಳಸಿ ಅಕ್ಕಿಗೇ ಬಂದು ನಿಲ್ಲುತ್ತದೆ. ಹಾಗಾದರೆ ರಾಗಿ ತಿನ್ನಿ ಅನ್ನುವವರೂ ಇದ್ದಾರೆ. ರಾಗಿ ಒಳ್ಳೆಯದೇ, ಆದರೆ ಅದೂ ಹಿಟ್ಟೇ. ಎಷ್ಟು ತಿಂದೆವು ಅನ್ನುವ ಲೆಕ್ಕ ಅಲ್ಲಿಯೂ ತಪ್ಪುವುದಿಲ್ಲ.

ಇನ್ನು ಜೇನು. ಕೊಡಗಿನಲ್ಲಿ ಹುಟ್ಟಿದವರಿಗೆ ಜೇನಿನ ಬಗ್ಗೆ ಕೆಟ್ಟದ್ದು ಹೇಳಿದರೆ ಕುಲಕ್ಕೇ ಬೈದ ಹಾಗೆ. "ಸಕ್ಕರೆ ಬೇಡ, ನಮ್ಮ ಕಾಡುಜೇನು ಏನೂ ಮಾಡಲ್ಲ" ಅಂತ ಬಾಟಲಿ ಕೊಟ್ಟು ಕಳಿಸುತ್ತಾರೆ. ಬೆಲ್ಲಕ್ಕೂ ಇದೇ ಮರ್ಯಾದೆ. ನಾಲಿಗೆಗೆ ಬೇರೆ ಬೇರೆ ಇರಬಹುದು, ರಕ್ತಕ್ಕೆ ಇಳಿದ ಮೇಲೆ ಜೇನು, ಬೆಲ್ಲ, ಸಕ್ಕರೆ ಎಲ್ಲ ಒಂದೇ ಒಕ್ಕದವು, ಒಂದೇ ಮನೆತನದವು. ಇವೆಲ್ಲ ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ಹಬ್ಬದ ದಿನ ಅವನು ಏನು ತಿನ್ನಬೇಕು ಅನ್ನುವುದು ಅವನ ಲೆಕ್ಕ. ಪುತ್ತರಿಯ ತಂಬುಟ್ಟು ಒಂದು ತುಂಡು ತಿಂದು, ರಾತ್ರಿ ಅನ್ನ ಬಿಡುತ್ತಾನೆ. ಒಂದೊಂದು ಸಲ ಅನ್ನವನ್ನೂ ಬಿಡುವುದಿಲ್ಲ. ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ ರಕ್ತಪರೀಕ್ಷೆ ಮಾಡಿಸುತ್ತಾನಲ್ಲ, ಅದು ಎಲ್ಲ ಹೇಳುತ್ತದೆ. ಕೆಂಪು ರಕ್ತಕಣ ಬದುಕುವುದೇ ಸುಮಾರು 120 ದಿನ. ಅಷ್ಟು ದಿನದ ಸಕ್ಕರೆಯ ಚಾಡಿಯನ್ನೆಲ್ಲ ಅದು ಕೂಡಿಟ್ಟಿರುತ್ತದೆ. ಪರೀಕ್ಷೆಯ ಹಿಂದಿನ ದಿನ ಉಪವಾಸ ಮಾಡಿದರೆ ಅದು ಮೋಸಹೋಗುವುದಿಲ್ಲ. ಇಂಥ ಸಾಕ್ಷಿ ಇರುವಾಗ ನಾನು ಮಧ್ಯೆ ಯಾಕೆ?

ಗಂಗಾಪೂಜೆಯ ರಾತ್ರಿ

ಡಿಸೆಂಬರ್ ಚಳಿ. ಮಡಿಕೇರಿಯ ಒಂದು ಮದುವೆ ಮಂಟಪ. ಅವನ ಒಕ್ಕದ ಹುಡುಗನ ಮದುವೆ, ಹಾಗಾಗಿ ಅವನು ಬೆಳಗಿನಿಂದ ಕೊಡವರ ನಿಲುವಂಗಿ ಕುಪ್ಯ ತೊಟ್ಟು ಓಡಾಡುತ್ತಿದ್ದ. ಏಳು ಗಂಟೆಯ ಹೊತ್ತಿಗೆ "ಏಳೂವರೆಗೆ ಊಟ" ಅಂತ ಮೈಕಿನಲ್ಲಿ ಹೇಳಿದರು. ಅವನು ನನ್ನ ಮುಖ ನೋಡಿದ, ಇಬ್ಬರೂ ಕಾರಿನ ಕಡೆ ನಡೆದೆವು.

ಕುಪ್ಯದ ಮೇಲೆ ಸೊಂಟಕ್ಕೆ ಚೇಲೆ ಬಿಗಿದು ಕಟ್ಟಿದವನಿಗೆ ಹೊಟ್ಟೆಗೆ ಸೂಜಿ ಹಾಕಿಕೊಳ್ಳುವುದು ದೊಡ್ಡ ಕೆಲಸ. ಅದಕ್ಕೆ ಸಿಕ್ಕಿಸಿದ್ದ ಪೀಚೆ ಕತ್ತಿ ಕಿತ್ತು ಡ್ಯಾಶ್‌ಬೋರ್ಡ್ ಮೇಲಿಟ್ಟ. ಚೇಲೆ ಬಿಚ್ಚಿ ನನ್ನ ಹೆಗಲಿಗೆ ಹಾಕಿದ. ಇನ್ಸುಲಿನ್ ಸೀಸೆ, ಅಂದರೆ ವಯಲ್, ತೆಗೆದು ಎರಡು ಅಂಗೈ ನಡುವೆ ಇಟ್ಟು ಮೆಲ್ಲಗೆ ಉರುಳಿಸಿದ. ಅವನದು ಬೇಗ ಕೆಲಸ ಮಾಡುವ ಮತ್ತು ನಿಧಾನಕ್ಕೆ ಕೆಲಸ ಮಾಡುವ ಇನ್ಸುಲಿನ್‌ಗಳ 30/70 ಮಿಶ್ರಣ, ಸುಮ್ಮನೆ ಇಟ್ಟರೆ ಮಡ್ಡಿ ಅಡಿಗೆ ಕೂರುತ್ತದೆ. ಉರುಳಿಸಿ ಉರುಳಿಸಿ ಪೂರ್ತಿ ಹಾಲಿನ ಬಣ್ಣಕ್ಕೆ ಬರಬೇಕು, ಕುಲುಕಬಾರದು. ಕೆಂಪು ಮುಚ್ಚಳದ ಸಿರಿಂಜಿಗೆ ಮೊದಲು ಗಾಳಿ ಎಳೆದು, ಅದನ್ನು ವಯಲಿಗೆ ತುಂಬಿ, ತಲೆಕೆಳಗು ಮಾಡಿ ಬೇಕಾದಷ್ಟು ಯೂನಿಟ್ ಎಳೆದುಕೊಂಡ. ನಾನು ಮೊಬೈಲ್ ಟಾರ್ಚ್ ಹಿಡಿದಿದ್ದೆ. ಅಂಗಿ ಎತ್ತಿ, ಹೊಟ್ಟೆಯ ಚರ್ಮ ಚಿವುಟಿ, ಚುಚ್ಚಿ, ಹತ್ತು ಎಣಿಸಿ ತೆಗೆದ. "ನಮ್ಮ ಹಿರಿಯರು ಬಂದೂಕಿನ ತೋಟಾ ಇಡೋಕೆ ಜಾಗ ಮಾಡ್ಕೊಂಡಿದ್ರು, ಸೂಜಿಗೆ ಮಾತ್ರ ಎಲ್ಲೂ ಜಾಗ ಇಟ್ಟಿಲ್ಲ ನೋಡು" ಅಂದ. ಮತ್ತೆ ಚೇಲೆ ಸುತ್ತಲು ನಾನು ಒಂದು ತುದಿ ಹಿಡಿದು ನಿಲ್ಲಬೇಕಾಯಿತು.

ಈ ಇನ್ಸುಲಿನ್ ಹಾಕಿಕೊಂಡು ಅರ್ಧ ಗಂಟೆಯಲ್ಲಿ ಊಟ ಮಾಡಬೇಕು. ಆದರೆ ಅಷ್ಟರಲ್ಲಿ ಗಂಗಾಪೂಜೆ ಶುರುವಾಗಿತ್ತು. ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ: ನೀರಿನ ಕೊಡ ಹೊತ್ತ ಮದುಮಗಳು ಒಂದೊಂದೇ ಹೆಜ್ಜೆ ಇಡಬೇಕು, ಹುಡುಗನ ಕಡೆಯವರು ದಾರಿಗೆ ಅಡ್ಡ ನಿಂತು ವಾಲಗಕ್ಕೆ ಕುಣಿಯಬೇಕು. ವಾಲಗದವರಿಗೂ ಹುರುಪು, ಕುಣಿಯುವವರಿಗೂ ಹುರುಪು. ಆ ಹುಡುಗಿಯ ಕುತ್ತಿಗೆಯ ಚಿಂತೆ ಯಾರಿಗೂ ಇಲ್ಲ. ಇವನನ್ನೂ ಎಳೆದುಕೊಂಡರು. ಕೈಗೆ ಒಂದು ಸಣ್ಣ ಪೆಗ್ ಬಂತು, ಕುಡಿದ. ಕುಣಿದ. ಚೆನ್ನಾಗಿಯೇ ಕುಣಿಯುತ್ತಾನೆ. ಊಟದ ಹಾಲಿನಲ್ಲಿ ಪಾತ್ರೆಗಳು ಮುಚ್ಚಿದ್ದವು. ಎಂಟೂವರೆಯಾದರೂ ಒಬ್ಬರೂ ಆ ಕಡೆ ಹೋಗಿರಲಿಲ್ಲ.

ಕಂಬಕ್ಕೆ ಒರಗಿ ನಿಂತಿದ್ದ ಅವನನ್ನು ಕಂಡಾಗ ಮೊದಲು ಕಣ್ಣಿಗೆ ಬಿದ್ದದ್ದು ಬೆವರು. ಸುತ್ತ ಎಲ್ಲರೂ ಶಾಲು ಹೊದ್ದಿದ್ದಾರೆ, ಇವನ ಕಿವಿಯ ಹಿಂದಿನಿಂದ ನೀರು ಇಳಿಯುತ್ತಿದೆ. ಕುಣಿದ ಬೆವರು ನಿಂತ ಮೇಲೆ ಆರಬೇಕು, ಇದು ಹೆಚ್ಚುತ್ತಿತ್ತು. "ಊಟಕ್ಕೆ ಹೋಗೋಣ ಬಾ" ಅಂದೆ. "ಅದನ್ನ ಅವತ್ತೇ ಕೊಟ್ಟಾಯ್ತಲ್ಲ" ಅಂದ. ಏನು ಕೊಟ್ಟಾಯ್ತು, ಯಾರಿಗೆ? ಕೈ ಹಿಡಿದರೆ ಕೊಸರಿಕೊಂಡ, ನಾಲಿಗೆ ದಪ್ಪವಾಗಿತ್ತು. ಪಕ್ಕದಲ್ಲಿದ್ದ ಹಿರಿಯರೊಬ್ಬರು, ಎಲ್ಲರೂ ಮಾವ ಅಂತ ಕರೆಯುವವರು, ಬಹಳ ಸಮಾಧಾನದಿಂದ "ಬಿಡಿ, ಜಾಸ್ತಿ ಆಗಿದೆ. ಮೇಲೆ ರೂಮಿನಲ್ಲಿ ಮಲಗಿಸಿ, ಬೆಳಗ್ಗೆ ಸರಿಹೋಗ್ತದೆ" ಅಂದರು.

"ಮಾವ, ಜಾಸ್ತಿ ಅಲ್ಲ, ಕಮ್ಮಿ ಆಗಿದೆ" ಅಂದೆ. ಅವರಿಗೆ ಅರ್ಥವಾದ ಹಾಗೆ ಕಾಣಲಿಲ್ಲ.

ಮದುವೆಮನೆಯ ಪುಣ್ಯ, ಬೆಲ್ಲದ ಕಾಫಿ ದಿನವಿಡೀ ಇರುತ್ತದೆ. ಬಡಿಸುವ ಹುಡುಗನಿಗೆ ಇನ್ನೊಂದಿಷ್ಟು ಬೆಲ್ಲ ಹಾಕಿ ಎರಡು ಲೋಟದಲ್ಲಿ ಎತ್ತಿ ಹೊಯ್ದು ಆರಿಸಿಕೊಡು ಅಂದೆ. ಇವನು ಅರ್ಧ ಕುಡಿದ, ಅರ್ಧ ಕುಪ್ಯದ ಮೇಲೆ ಚೆಲ್ಲಿಕೊಂಡ. ಇನ್ನೊಂದು ಲೋಟ ತರಿಸಿದೆ. ಕಾರಿನಿಂದ ಮೀಟರ್ ತರುವ ಹೊತ್ತಿಗೆ ಅದೂ ಮುಗಿಯುತ್ತಾ ಬಂದಿತ್ತು, ಆಗಲೂ ಮೀಟರ್ ತೋರಿಸಿದ್ದು 51. ಎಪ್ಪತ್ತಕ್ಕಿಂತ ಕೆಳಗೆ ಹೋದರೆ ಕಮ್ಮಿ, 54ಕ್ಕಿಂತ ಕೆಳಗೆ ಅಂದರೆ ಗಂಭೀರ. ಹದಿನೈದು ನಿಮಿಷ ಬಿಟ್ಟು ಮತ್ತೆ ಚುಚ್ಚಿದಾಗ 83. ಅಷ್ಟರಲ್ಲಿ ಅವನೇ ಕಣ್ಣು ಸಣ್ಣ ಮಾಡಿ "ಎಂತ ಮಾರಾಯ, ಎಲ್ಲರೂ ನನ್ನನ್ನೇ ನೋಡ್ತಿದ್ದಾರೆ?" ಅಂದ. ನೇರ ಊಟಕ್ಕೆ ಕರೆದುಕೊಂಡು ಹೋದೆ. ಆವತ್ತು ಕಡಂಬುಟ್ಟು ಎಷ್ಟು ತಿಂದ ಅಂತ ಯಾರೂ ಎಣಿಸಲಿಲ್ಲ.

ಆ ರಾತ್ರಿ ಆದದ್ದನ್ನು ಬಿಡಿಸಿ ನೋಡಿದರೆ ನಾಲ್ಕು ಸಂಗತಿ ಒಟ್ಟಿಗೆ ಕೂಡಿದ್ದವು. ಇನ್ಸುಲಿನ್ ಒಳಗೆ ಹೋಗಿತ್ತು, ಊಟ ಬಂದಿರಲಿಲ್ಲ, ಕುಣಿತ ರಕ್ತದಲ್ಲಿದ್ದ ಸಕ್ಕರೆಯನ್ನು ಸುಡುತ್ತಿತ್ತು, ಮತ್ತು ಆ ಪೆಗ್. ಸಕ್ಕರೆ ಇಳಿದಾಗ ಲಿವರ್ ತನ್ನ ದಾಸ್ತಾನಿನಿಂದ ಒಂದಿಷ್ಟು ಬಿಡುಗಡೆ ಮಾಡಿ ಕಾಪಾಡುತ್ತದೆ. ಮದ್ಯ ಒಳಗಿದ್ದರೆ ಅದಕ್ಕೆ ಆ ಮದ್ಯವನ್ನು ಕರಗಿಸುವುದೇ ಮೊದಲ ಕೆಲಸವಾಗಿ, ಈ ಕಡೆ ಗಮನ ತಪ್ಪುತ್ತದೆ. ಹಾಗಾಗಿ ಕುಡಿದ ರಾತ್ರಿ ಮಲಗಿದ ಮೇಲೂ ಸಕ್ಕರೆ ಇಳಿಯಬಹುದು. "ಮಲಗಿಸಿ ಬಿಡಿ" ಅನ್ನುವ ಮಾತು ಭಯ ಹುಟ್ಟಿಸುವುದು ಇದಕ್ಕೇ. ತೂರಾಟ, ತೊದಲು, ಸಿಟ್ಟು ಕುಡಿತಕ್ಕೂ ಸಕ್ಕರೆ ಇಳಿದದ್ದಕ್ಕೂ ಒಂದೇ. ಒಂದು ಸಣ್ಣ ಪೆಗ್ಗಿನ ವಾಸನೆ ಬಾಯಲ್ಲಿದ್ದರೆ ಮುಗಿಯಿತು, ಇನ್ಯಾರೂ ಬೇರೆ ಯೋಚನೆ ಮಾಡುವುದಿಲ್ಲ. ಅನುಮಾನ ಬಂದಾಗ ಮೀಟರ್ ಕೈಲಿಲ್ಲದಿದ್ದರೆ ಮೊದಲು ಸಿಹಿ ಕೊಡಬೇಕು, ಆಮೇಲೆ ಉಳಿದದ್ದು. ಸಕ್ಕರೆ ಕಮ್ಮಿಯಿಲ್ಲದವನು ಒಂದು ಲೋಟ ಬೆಲ್ಲದ ಕಾಫಿ ಕುಡಿದರೆ ಹೋಗುವುದೇನೂ ಇಲ್ಲ. ಆದರೆ ಪೂರ್ತಿ ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹೊಯ್ಯಬಾರದು. ಉಸಿರುಗೊಳವೆಗೆ ಹೋಗುತ್ತದೆ. ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಬೇಕು. (ಆವತ್ತು ಒಬ್ಬ ಹುಡುಗ ಓಡಿಹೋಗಿ ಮಡಿಕೇರಿಯ ಹೋಮ್‌ಮೇಡ್ ಚಾಕಲೇಟ್ ತಂದಿದ್ದ. ಪ್ರವಾಸಿಗರಿಗೆ ಅದು ಸರಿ. ಅದರಲ್ಲಿರುವ ಕೊಬ್ಬು ಸಕ್ಕರೆಯನ್ನು ತಡೆದು ನಿಧಾನಕ್ಕೆ ಬಿಡುತ್ತದೆ, ಇಂಥ ಹೊತ್ತಿಗೆ ಆಗಿಬರುವುದಿಲ್ಲ. ನಮ್ಮ ಕಿತ್ತಳೆಯ ರಸ ವಾಸಿ. ಚಾಕಲೇಟನ್ನು ನಾನೇ ತಿಂದೆ.)

ಮಾವನಿಗೆ ಮಾರನೆಯ ದಿನ ಅವನೇ ಎಲ್ಲ ವಿವರಿಸಿದ. ಅಲ್ಲಿಯವರೆಗೆ ಒಕ್ಕದಲ್ಲಿ ಸೂಜಿಯ ವಿಷಯ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಹೇಳುವುದು ಬಿಡುವುದು ಅವನಿಗೆ ಬಿಟ್ಟದ್ದು ಅಂತ ನಾನೂ ಬಾಯಿ ಬಿಟ್ಟಿರಲಿಲ್ಲ. ಈಗ ಮಾವ ಯಾವ ಮದುವೆಯಲ್ಲಿ ಸಿಕ್ಕಿದರೂ ಊಟದ ಹಾಲಿನ ಬಾಗಿಲಲ್ಲಿ ನಿಂತು "ಸೂಜಿಯವರು ಮೊದಲು!" ಅಂತ ಕೂಗುತ್ತಾರೆ. ಇವನಿಗೆ ನಾಚಿಕೆಯಿಂದ ಸಾಯುವ ಹಾಗಾಗುತ್ತದೆ. ಆದರೆ ಆ ಕೂಗಿಗೆ ಇನ್ನೂ ಮೂರ್ನಾಲ್ಕು ಜನ ತಲೆ ತಗ್ಗಿಸಿಕೊಂಡು ಸಾಲಿಗೆ ಬಂದು ನಿಲ್ಲುವುದನ್ನೂ ನೋಡಿದ್ದೇನೆ.

ಕಾಲುಚೀಲದ ರಕ್ತ

ಇನ್ನೊಂದು ಜುಲೈ ತಿಂಗಳ ಮಾತು. ಮಳೆ ಸ್ವಲ್ಪ ಬಿಟ್ಟಿತ್ತು. ಅವನು ತೋಟ ಸುತ್ತಿ ಬಂದು ಜಗಲಿಯಲ್ಲಿ ಕೂತು ಗಂಬೂಟು ಕಳಚಿದ. ಎಡಗಾಲಿನ ಚೀಲ ಕೆಂಪಾಗಿತ್ತು. "ಜಿಗಣೆ" ಅಂದವನೇ ಸುಣ್ಣದ ಡಬ್ಬಿಗೆ ಕೈ ಹಾಕಿದ. ಜಿಗಣೆ ಕಚ್ಚಿದ ಕಡೆ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ, ಕಚ್ಚಿದ್ದು ಗೊತ್ತೂ ಆಗುವುದಿಲ್ಲ, ಇದೆಲ್ಲ ನಮಗೆ ಹುಟ್ಟಿದಾಗಿನಿಂದ ಅಭ್ಯಾಸ. ಆದರೆ ಜಿಗಣೆ ಹತ್ತಿಕೊಳ್ಳುವುದು ಕಣಕಾಲಿಗೆ, ಬೆರಳ ಸಂದಿಗೆ. ಇವನ ಚೀಲದಲ್ಲಿ ಕಲೆ ಇದ್ದದ್ದು ಅಂಗಾಲಿನಲ್ಲಿ, ಹಿಮ್ಮಡಿಗೆ ಸ್ವಲ್ಪ ಮುಂದೆ. ಅವನ ಹೆಂಡತಿ, ನಾನು ಅಕ್ಕ ಅನ್ನುವವರು, ಬೂಟನ್ನು ಬೋರಲು ಹಾಕಿ ಕೊಡವಿದರು, ಏನೂ ಬೀಳಲಿಲ್ಲ. ಅಡಿ ತಿರುಗಿಸಿದರೆ ಬೇಲಿಯ ತಂತಿಯ ಮುರುಕು ರಬ್ಬರಿನೊಳಗೆ ಹೂತುಕೊಂಡು ನಿಂತಿತ್ತು. ಅವನು ಅದನ್ನು ತುಳಿಯುತ್ತಲೇ ಬೆಳಗಿನಿಂದ ನಡೆದಿದ್ದ, ಇಳಿಜಾರು ಹತ್ತಿದ್ದ, ಕಳೆ ಹೊಡೆಯುವವರ ಹತ್ತಿರ ನಿಂತು ಮಾತಾಡಿದ್ದ. ನೋವೇ ಇಲ್ಲ.

ಅಕ್ಕ ಬೂಟನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದರು. ವರ್ಷಾನುಗಟ್ಟಲೆ ಸಕ್ಕರೆ ಹೆಚ್ಚಿದ್ದರೆ ಕಾಲಿನ ನರಗಳು ಸುದ್ದಿ ತಲುಪಿಸುವುದನ್ನು ನಿಲ್ಲಿಸುತ್ತವೆ ಅಂತ ಡಾಕ್ಟರು ಹೇಳಿದ್ದನ್ನು ನಾವು ಮೂವರೂ ಕೇಳಿಸಿಕೊಂಡಿದ್ದೆವು. ಕೇಳಿಸಿಕೊಂಡದ್ದು ಬೇರೆ, ತಂತಿ ನೋಡಿದ್ದು ಬೇರೆ. ಮಧ್ಯಾಹ್ನವೇ ಆಸ್ಪತ್ರೆಗೆ ಹೋಗಿ ತೊಳೆಸಿ, ಟಿಟಿ ಹಾಕಿಸಿಕೊಂಡು ಬಂದೆವು. ಬಟಾಣಿಯಷ್ಟು ಗಾಯ, ಮಾಗುವ ಹೊತ್ತಿಗೆ ಸೆಪ್ಟೆಂಬರಿನ ಹಬ್ಬ ಕೈಲ್‌ಪೊಳ್ದ್ ಬಂತು. ಮಳೆಗಾಲದ ಕೊಡಗಿನಲ್ಲಿ ಒಣಗಿದ ಕಾಲು ಅನ್ನುವುದೇ ಅಪರೂಪ, ಅದರಲ್ಲೂ ಇಂಥ ಕಾಲಿಗೆ ಬೆರಳ ಸಂದಿಯ ತೇವವೂ ಕೇಡೇ. ಈಗ ಅವನು ಬೂಟು ಹಾಕುವ ಮೊದಲು ಕೈ ಒಳಗಿಟ್ಟು ತಡವುತ್ತಾನೆ, ಅಡಿ ತಿರುಗಿಸಿ ನೋಡುತ್ತಾನೆ. ಭಾನುವಾರ ನಾನು ಹೋದರೆ ಕಾಲು ತೋರಿಸು ಅಂತ ಕೇಳುವುದಿಲ್ಲ. ಕಾಫಿ ಬೆಲೆಯ ಮಾತಿನ ಮಧ್ಯೆ ಅವನೇ ಕಾಲನ್ನು ನನ್ನ ಕಡೆ ಚಾಚುತ್ತಾನೆ, ನಾನು ಟಾರ್ಚ್ ಹಾಕುತ್ತೇನೆ, ಮಾತು ಮುಂದುವರಿಯುತ್ತದೆ.

ಕರೆಂಟಿಲ್ಲದ ವಾರ

2018ರ ಆಗಸ್ಟಿನ ಬಗ್ಗೆ ಕೊಡಗಿನವರಿಗೆ ಹೊಸದಾಗಿ ಹೇಳುವುದು ಏನೂ ಇಲ್ಲ. ಗುಡ್ಡ ಜಾರಿದವು, ಜೋಡುಪಾಲದ ಕಡೆ ರಸ್ತೆಯೇ ಹೋಯಿತು, ಕರೆಂಟು ಫೋನು ಎರಡೂ ಇರಲಿಲ್ಲ. ಅವನ ಮನೆಗೆ ಏನೂ ಆಗಲಿಲ್ಲ, ಆದರೆ ಫ್ರಿಜ್‌ನಲ್ಲಿದ್ದ ವಯಲ್‌ಗಳ ಚಿಂತೆ ನಿದ್ದೆ ಕೆಡಿಸಿತ್ತು. ಆಮೇಲೆ ತಿಳಿದದ್ದೇನೆಂದರೆ, ತೆರೆದ ವಯಲ್ ನಮ್ಮ ಮಳೆಗಾಲದ ತಂಪಿನಲ್ಲಿ ಹೊರಗಿದ್ದರೂ ಸುಮಾರು ನಾಲ್ಕು ವಾರ ಕೆಡುವುದಿಲ್ಲ. ತೆರೆಯದೆ ಕೂಡಿಡುವುದಕ್ಕೆ ಮಾತ್ರ 2ರಿಂದ 8 ಡಿಗ್ರಿ ಬೇಕು. ಮಳೆಗಿಂತ ಹೆದರಬೇಕಾದದ್ದು ಫ್ರೀಜರಿಗೆ ಮತ್ತು ಮಾರ್ಚ್ ತಿಂಗಳಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿಗೆ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬಾರದು.

ಅವತ್ತಿನಿಂದ ಮೇ ಕೊನೆಯಲ್ಲಿ ಅವನ ಒಂದು ವಯಲ್ ನಮ್ಮ ಮನೆಯ ಫ್ರಿಜ್ಜಿನ ಬಾಗಿಲಿಗೆ ಬರುತ್ತದೆ, ಜೊತೆಗೆ ಒಂದಿಷ್ಟು ಸಿರಿಂಜ್. ನಡುವೆ ಸೇತುವೆ ಮುಳುಗಿದರೂ ಎರಡು ಕಡೆಯಲ್ಲಿ ಒಂದು ಕಡೆಯದು ಕೈಗೆ ಸಿಗಲಿ ಅಂತ. ಸಿರಿಂಜನ್ನು ನಾನೇ ತರುವುದಾದರೆ ಮುಚ್ಚಳದ ಬಣ್ಣ ನೋಡದೆ ದುಡ್ಡು ಕೊಡುವುದಿಲ್ಲ. ಅವನ ವಯಲ್ 40ರದು, ಅಂದರೆ ಒಂದು ಮಿಲಿಲೀಟರಿಗೆ 40 ಯೂನಿಟ್, ಅದಕ್ಕೆ ಕೆಂಪು. ಪೆನ್ನಿನ ಕಾರ್ಟ್ರಿಜ್ ಬರುವುದು 100ರಲ್ಲಿ. ಯಾರಾದರೂ ಅವಸರಕ್ಕೆ ಅದರಿಂದ ಕೆಂಪು ಮುಚ್ಚಳದ ಸಿರಿಂಜಿಗೆ ಎಳೆದುಕೊಂಡರೆ ಅದೇ ಗೆರೆಗೆ ಎರಡೂವರೆ ಪಟ್ಟು ಇನ್ಸುಲಿನ್ ಮೈಗೆ ಹೋಗುತ್ತದೆ. ಅಂಗಡಿಯ ನೂಕುನುಗ್ಗಲಿನಲ್ಲಿ ಯಾರಿಗೂ ಇದು ನೆನಪಿರುವುದಿಲ್ಲ.

ಕೊಡವರ ಕಕ್ಕಡ ತಿಂಗಳ ಹದಿನೆಂಟರ ಕಥೆ ಹೇಳದೆ ಬಿಟ್ಟರೆ ಅವನು ಬೈಯುತ್ತಾನೆ. ಆಗಸ್ಟ್ 3ರಂದು ಮದ್ದುಸೊಪ್ಪಿನ ಪಾಯಸ ಮಾಡದ ಮನೆ ನಮ್ಮಲ್ಲಿಲ್ಲ. ನಾವು ಗೌಡರು ಆಟಿ ಅನ್ನುತ್ತೇವೆ, ಸೊಪ್ಪು ಅದೇ, ನೇರಳೆ ಬಣ್ಣ ಅದೇ. ಹದಿನೆಂಟು ಬಗೆಯ ಔಷಧ ಆ ದಿನ ಅದರಲ್ಲಿ ಸೇರಿರುತ್ತದೆ ಅನ್ನುವ ನಂಬಿಕೆ, ಅಷ್ಟೂ ಔಷಧ ಒಂದು ಅಚ್ಚು ಬೆಲ್ಲದ ಜೊತೆ. ಅವನು ಒಂದು ಸೌಟು ತಿಂದೇ ತಿನ್ನುತ್ತಾನೆ. ಒಂದು ವರ್ಷ ಮಾರನೆಯ ಬೆಳಗ್ಗೆಯೇ ಕಿಡ್ನಿ ಪರೀಕ್ಷೆಗೆ ಮೂತ್ರ ಕೊಡಬೇಕಿತ್ತು. ಸೊಪ್ಪು ತಿಂದವರಿಗೆ ಮೂತ್ರ ಕೆಂಪಾಗುತ್ತದಲ್ಲ. ಲ್ಯಾಬಿನ ಹುಡುಗಿ ಹೊರಗಿನವಳು, ಡಬ್ಬಿ ನೋಡಿ ಬಿಳಿಚಿಕೊಂಡಳು. ಇವನು "ಹೆದರಬೇಡಮ್ಮ, ನಿನ್ನೆ ಊರಿಗೆ ಊರೇ ಹೀಗೆ" ಅಂದನಂತೆ.

ಸಿಟ್ಟು

ಇಷ್ಟೆಲ್ಲ ಗೊತ್ತಾದ ಮೇಲೆ ಬರುವ ಕಷ್ಟ ಇನ್ನೊಂದು ತರಹದ್ದು. ಸಿಟ್ಟು ಬಂದರೆ ಶುಗರ್ ಕಮ್ಮಿಯಾಗಿದೆಯಾ, ಸುಮ್ಮನಿದ್ದರೆ ಜಾಸ್ತಿಯಾಗಿದೆಯಾ ಅಂತ ಮನೆಯವರ ಕಣ್ಣು ಅವನ ಮೇಲೇ. ಮಕ್ಕಳು ಕೂಡ "ಅಪ್ಪಾ, ಚೆಕ್ ಮಾಡ್ಕೊಂಡ್ರಾ?" ಅನ್ನುತ್ತಾರೆ. ಒಂದು ದಿನ ನನ್ನ ಹತ್ತಿರ "ನನಗೆ ಸುಮ್ಮನೆ ಸಿಟ್ಟು ಬರೋ ಹಕ್ಕೂ ಇಲ್ವಾ ಮಾರಾಯ? ಪ್ರತಿ ಸಲ ಬೆರಳು ಚುಚ್ಚಿ ಸಾಬೀತು ಮಾಡಬೇಕಾ?" ಅಂದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಗಂಗಾಪೂಜೆಯ ರಾತ್ರಿ ಅಷ್ಟು ಜನರ ಮಧ್ಯೆ ಯಾರಿಗೂ ಬಾರದಿದ್ದ ಅನುಮಾನ, ಈಗ ಮನೆಯೊಳಗೆ ದಿನಕ್ಕೆ ಹತ್ತು ಸಲ ಬರುತ್ತದೆ. ಯಾವುದು ಕಾಯಿಲೆ, ಯಾವುದು ಮನುಷ್ಯ ಅಂತ ಬೇರ್ಪಡಿಸುವುದು ಮದುವೆಮನೆಯಲ್ಲಿ ಹೇಗೋ ಆಯಿತು. ಬೆವರಿತ್ತು, ತೊದಲಿತ್ತು. ಮನೆಯಲ್ಲಿ ಅಷ್ಟು ಸುಲಭವಿಲ್ಲ.

ಹೋದ ವಾರ ಹೋದಾಗ ಅಂಗಳದಲ್ಲಿ ನಿಂತು ಫೋನಿನಲ್ಲಿ ಯಾರಿಗೋ ಕೂಗಾಡುತ್ತಿದ್ದ. ಮುಖ ಕೆಂಪಾಗಿತ್ತು, ಕೈ ನಡುಗುತ್ತಿತ್ತು. ಅಕ್ಕ ಅಡುಗೆಮನೆಯ ಬಾಗಿಲಿನಿಂದ ನನಗೆ ಕಣ್ಣಲ್ಲೇ ಮೀಟರ್ ತೋರಿಸಿದರು. ಹತ್ತಿರ ಹೋಗಿ ನೋಡಿದೆ. ಹಣೆ ಒಣಗಿತ್ತು, ಮಾತು ಸ್ಪಷ್ಟವಾಗಿತ್ತು, ಬೈಗುಳವಂತೂ ಇನ್ನೂ ಸ್ಪಷ್ಟವಾಗಿತ್ತು. ರಾತ್ರಿ ಆನೆ ನುಗ್ಗಿ ಕಾಯಿ ಹಿಡಿದಿದ್ದ ರೊಬಸ್ಟಾ ತುಳಿದು, ಪೈಪು ಒಡೆದು, ಹಲಸಿನ ಮರಕ್ಕೆ ಬೆನ್ನು ಉಜ್ಜಿ ಹೋಗಿತ್ತು. ಫೋನ್ ಇಟ್ಟ ಮೇಲೆ ನನ್ನ ಕಡೆ ತಿರುಗಿದ, ನಾನು ಏನು ಕೇಳುತ್ತೇನೋ ಅಂತ ಕಾಯುವ ಹಾಗೆ.

"ಎಷ್ಟು ಗಿಡ ಹೋಯ್ತು?" ಅಂದೆ.

"ಬಾ, ತೋರಿಸ್ತೇನೆ" ಅಂತ ಬೂಟಿನೊಳಗೆ ಕೈ ಇಟ್ಟು ತಡವಿ, ಅಡಿ ತಿರುಗಿಸಿ ನೋಡಿ, ಹಾಕಿಕೊಂಡು ಮುಂದೆ ನಡೆದ. ಗೇಟಿನವರೆಗೂ ಆನೆಗೆ ಬೈಯುತ್ತಲೇ ಇದ್ದ.